ಗಾಡಿ ಜರ್ಕ್ ಹೊಡೀತಿದೆಯಾ? ಗೇರ್‌ಬಾಕ್ಸ್ ಇಳಿಸೋ ಮುಂಚೆ ಇಷ್ಟು ನೋಡಿ

ಈ ವಾರ ಗಿಡದ ರೋಗ ಅಲ್ಲ, ಗಾಡಿಯ ರೋಗ. ಬೆಳೆ ಎಷ್ಟೇ ಚೆನ್ನಾಗಿ ಬರಲಿ, ಕೊಯ್ದ ಮಾಲನ್ನು ಹೊತ್ತಿಗೆ ಸರಿಯಾಗಿ ಮಾರುಕಟ್ಟೆಗೆ ಮುಟ್ಟಿಸೋದು ಗಾಡಿ. ಅದು ಅರ್ಧ ದಾರಿಯಲ್ಲಿ ಕೈಕೊಟ್ಟರೆ ಬೀನ್ಸ್, ಸೊಪ್ಪು ನಮಗೋಸ್ಕರ ಕಾಯೋದಿಲ್ಲ.

ಆಕ್ಸಿಲರೇಟರ್ ಒತ್ತಿದಾಗ ಗಾಡಿ ಸಲೀಸಾಗಿ ಮುಂದೆ ಹೋಗದೆ, ತಡೆದು ತಡೆದು ನೂಕಿದ ಹಾಗೆ ಹೋಗುತ್ತಲ್ಲ, ಅದನ್ನೇ ನಾವು ಜರ್ಕ್ ಅನ್ನೋದು. ಜರ್ಕ್ ಬಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಬಾಯಿಗೆ ಬರೋದು ಒಂದೇ ಮಾತು: "ಕ್ಲಚ್ ಹೋಯ್ತು" ಅಥವಾ "ಗೇರ್‌ಬಾಕ್ಸ್ ಹೋಯ್ತು". ನಾನೂ ಹಾಗೇ ಅಂದುಕೊಂಡು ದುಡ್ಡು ಕಳೆದುಕೊಂಡವನು. ಅದೇ ಕಥೆಯಿಂದ ಶುರು ಮಾಡ್ತೀನಿ.

ನಾನು ಮಾಡಿದ ತಪ್ಪು

ನನ್ನದು ಹಳೆಯ ಡೀಸೆಲ್ ಪಿಕಪ್. ಒಂದು ಮಳೆಗಾಲ ಮುಗಿಯುತ್ತಿದ್ದ ಹಾಗೆ ಲೋಡ್ ಇದ್ದಾಗ ಮಾತ್ರ ಜರ್ಕ್ ಹೊಡೆಯೋಕೆ ಶುರುವಾಯ್ತು. ಖಾಲಿ ಗಾಡಿಯಲ್ಲಿ ಏನೂ ಇಲ್ಲ. ಗ್ಯಾರೇಜಿಗೆ ಹೋಗಿ, "ಕ್ಲಚ್ ಹೋಗಿದೆ, ಹೊಸದು ಹಾಕಿಬಿಡಿ" ಅಂದೆ. ಅವರು ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಸೆಟ್ ಹಾಕಿದರು. ಕೂಲಿ ಸೇರಿ 14 ಸಾವಿರ ರೂಪಾಯಿ. ಕೊಯ್ಲಿನ ಸಮಯದಲ್ಲಿ ಎರಡು ದಿನ ಗಾಡಿ ಇಲ್ಲ, ಬಾಡಿಗೆ ಗಾಡಿಯ ಖರ್ಚು ಬೇರೆ.

ಅದಾಗಿ ಒಂದು ವಾರಕ್ಕೆ ಕರಾವಳಿ ಕಡೆಯಿಂದ ಮೀನಿನ ಗೊಬ್ಬರ ತುಂಬಿಕೊಂಡು ಆಗುಂಬೆ ಘಾಟಿ ಹತ್ತುತ್ತಿದ್ದೆ. ಸೋಮೇಶ್ವರ ದಾಟಿ ತಿರುವುಗಳು ಶುರುವಾದ ಮೇಲೆ ಅದೇ ಜರ್ಕ್. ಒಂದು ಹಿಮ್ಮುರಿ ತಿರುವಿನಲ್ಲಿ ಇಂಜಿನ್ ಒಮ್ಮೆ ದಮ್ಮು ಕಳಕೊಂಡು ಆಫ್ ಆಯ್ತು. ಗಾಡಿ ಒಂದೆರಡು ಅಡಿ ಹಿಂದಕ್ಕೆ ಜಾರಿತು. ಹಿಂದೆ ಬಸ್ಸು. ಪಕ್ಕದಲ್ಲಿ ಕೂತಿದ್ದ ನಮ್ಮ ಹುಡುಗ "ಅಣ್ಣಾ, ಹ್ಯಾಂಡ್ ಬ್ರೇಕ್!" ಅಂತ ಕೂಗಿ, ಇಳಿದು ಓಡಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಆ ಹೊತ್ತಿನಲ್ಲಿ ನನಗೆ 14 ಸಾವಿರದ ನೆನಪಿರಲಿಲ್ಲ, ಕೈಕಾಲು ನಡುಗುತ್ತಿತ್ತು.

ಹೇಗೋ ಒಂದನೇ ಗೇರಿನಲ್ಲಿ ಮೇಲೆ ಬಂದು, ಮಾರನೇ ದಿನ ಡೀಸೆಲ್ ಪಂಪ್ ಕೆಲಸ ಮಾಡುವ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಬಾನೆಟ್ ತೆಗೆಯುವ ಮುಂಚೆ ಮೂರು ಪ್ರಶ್ನೆ ಕೇಳಿದರು.

"ನಿಂತಲ್ಲಿಂದ ಹೊರಡುವಾಗ ನಡುಗುತ್ತೋ, ಓಡ್ತಾ ಇರುವಾಗ ಜರ್ಕ್ ಬರುತ್ತೋ?"

"ಓಡ್ತಾ ಇರುವಾಗ. ಏರಿನಲ್ಲಿ."

"ಯಾವ ಗೇರಲ್ಲಿ?"

"ಎರಡು, ಮೂರು, ನಾಲ್ಕು... ಎಲ್ಲದರಲ್ಲೂ."

"ಡೀಸೆಲ್ ಎಲ್ಲಿ ಹಾಕ್ತೀರಿ ಮಾರಾಯ್ರೇ?"

ಅಲ್ಲಿಗೆ ನನಗೆ ಅರ್ಥವಾಯ್ತು. ಟ್ರ್ಯಾಕ್ಟರಿಗೆ ಅಂತ ಕೊಟ್ಟಿಗೆಯ ಪಕ್ಕ ಇಟ್ಟಿದ್ದ ಡ್ರಮ್ಮಿನಿಂದಲೇ ಮಳೆಗಾಲ ಪೂರ್ತಿ ಪಿಕಪ್ಪಿಗೂ ಡೀಸೆಲ್ ಹಾಕಿದ್ದೆ. ಅವರು ಡೀಸೆಲ್ ಫಿಲ್ಟರಿನ ಅಡಿಯ ಸ್ಕ್ರೂ ಸಡಿಲ ಮಾಡಿ ಗಾಜಿನ ಬಾಟಲಿಗೆ ಹಿಡಿದರು. ಐದು ನಿಮಿಷ ಬಿಟ್ಟು ನೋಡಿದರೆ ಕೆಳಗೆ ಎರಡು ಬೆರಳು ನೀರು, ನೀರಿನ ಮೇಲೆ ಕಪ್ಪು ಜಿಡ್ಡು, ಅದರ ಮೇಲೆ ಡೀಸೆಲ್. ಟ್ಯಾಂಕ್ ತೊಳೆದು, ಹೊಸ ಫಿಲ್ಟರ್ ಹಾಕಿ, ಲೈನಿನ ಗಾಳಿ ತೆಗೆದರು. ಜರ್ಕ್ ಹೋಯ್ತು. ಹಳೆಯ ಕ್ಲಚ್ ಪ್ಲೇಟು ಇನ್ನೂ ನನ್ನ ಶೆಡ್ಡಿನಲ್ಲಿದೆ. ಅದು ಸವೆದೇ ಇರಲಿಲ್ಲ.

ಮೊದಲಿನ ಗ್ಯಾರೇಜಿನವರನ್ನು ನಾನು ಬೈಯೋದಿಲ್ಲ. ಅವರ ಹತ್ತಿರ ನಾನು ಲಕ್ಷಣ ಹೇಳಲಿಲ್ಲ, ತೀರ್ಪು ಹೇಳಿದೆ. ಗೊಬ್ಬರದಂಗಡಿಗೆ ಹೋಗಿ "ಎಲೆ ಹಳದಿಯಾಗಿದೆ, ಯೂರಿಯಾ ಕೊಡಿ" ಅಂದರೆ ಅಂಗಡಿಯವರು ಯೂರಿಯಾ ಕೊಡ್ತಾರೆ. ಎಲೆ ಹಳದಿ ಅಂತ ಯಾರಾದರೂ ಫೋಟೋ ಕಳಿಸಿದರೆ ನಾನು ಮೊದಲು ಕೇಳೋದು "ಕೆಳಗಿನ ಹಳೆ ಎಲೆಯೋ, ತುದಿಯ ಹೊಸ ಎಲೆಯೋ" ಅಂತ. ಹಳೆ ಎಲೆ ಮೊದಲು ಹಳದಿಯಾದರೆ ಸಾರಜನಕದ ಕಡೆ ಯೋಚನೆ. ಹೊಸ ಎಲೆಯ ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಕಬ್ಬಿಣದ ಕಡೆ. ಬಣ್ಣ ಒಂದೇ, ಕಾರಣ ಬೇರೆ. ಗಿಡದಲ್ಲಿ ಇಷ್ಟು ಗೊತ್ತಿದ್ದವನು ಗಾಡಿಯಲ್ಲಿ ಮರೆತೆ. ಈ ಲೇಖನದ ಪಾಠ ಇಷ್ಟೇ: ಏನು ಹಾಳಾಗಿದೆ ಅನ್ನೋ ಮುಂಚೆ, ಯಾವಾಗ ಜರ್ಕ್ ಬರುತ್ತೆ ಅನ್ನೋದನ್ನು ಗೊತ್ತು ಮಾಡಿಕೊಳ್ಳಿ.

ಶಕ್ತಿ ಚಕ್ರಕ್ಕೆ ಹೋಗುವ ದಾರಿ

ನಮ್ಮ ಹೆಚ್ಚಿನ ಪಿಕಪ್ಪುಗಳಲ್ಲಿ ಇಂಜಿನ್ ಮುಂದೆ, ಎಳೆಯುವ ಚಕ್ರ ಹಿಂದೆ. ಇಂಜಿನ್ ತಿರುಗಿಸಿದ ಶಕ್ತಿ ಕ್ಲಚ್ಚಿಗೆ, ಅಲ್ಲಿಂದ ಗೇರ್‌ಬಾಕ್ಸಿಗೆ, ಅಲ್ಲಿಂದ ಉದ್ದದ ಪ್ರೊಪೆಲ್ಲರ್ ಶಾಫ್ಟಿಗೆ, ಕೊನೆಗೆ ಡಿಫರೆನ್ಷಿಯಲ್ ಮೂಲಕ ಚಕ್ರಕ್ಕೆ ಹೋಗುತ್ತೆ. ಚಿಕ್ಕ ಕಾರುಗಳಲ್ಲಿ ಹೆಚ್ಚಾಗಿ ಮುಂದಿನ ಚಕ್ರವೇ ಎಳೆಯೋದು. ಅಲ್ಲಿ ಪ್ರೊಪೆಲ್ಲರ್ ಬದಲು ಎರಡು ಆಕ್ಸಲ್ ಶಾಫ್ಟ್ ಇರುತ್ತವೆ.

ಈ ಸಾಲಿನಲ್ಲಿ ಎಲ್ಲಿ ತಡೆ ಬಂದರೂ, ಎಲ್ಲಿ ಸಡಿಲ ಇದ್ದರೂ ಸೀಟಿನಲ್ಲಿ ಕೂತವರಿಗೆ ಅದು ಜರ್ಕ್ ಅಂತಲೇ ಅನ್ನಿಸುತ್ತೆ. ಡ್ರಿಪ್ಪಿನಲ್ಲಿ ಕೊನೆಯ ಸಾಲಿಗೆ ನೀರು ಬರದಿದ್ದರೆ ನಾವು ಮೊದಲು ಫಿಲ್ಟರ್ ತೊಳೆದು ನೋಡ್ತೀವಿ, ಮೇನ್ ಲೈನ್ ಅಗೆಯೋದು ಕೊನೆಗೆ. ಗಾಡಿಯಲ್ಲೂ ಅದೇ ಕ್ರಮ. ಸುಲಭದ್ದು, ಅಗ್ಗದ್ದು ಮೊದಲು. ಗೇರ್‌ಬಾಕ್ಸ್ ಇಳಿಸೋದು ಕೊನೆಗೆ.

ಯಾವಾಗ ಬರುತ್ತೆ? ಐದು ಬಗೆ

1. ನಿಂತಲ್ಲಿಂದ ಹೊರಡುವಾಗ, ಕ್ಲಚ್ ಬಿಡುವಾಗ ಮಾತ್ರ ನಡುಕ. ಒಂದನೇ ಗೇರು ಅಥವಾ ರಿವರ್ಸಿನಲ್ಲಿ ಗಾಡಿ ಗಡಗಡ ನಡುಗಿ, ಕ್ಲಚ್ ಪೂರ್ತಿ ಬಿಟ್ಟ ಮೇಲೆ ಸರಿಹೋಗುತ್ತೆ ಅಂದರೆ ಅನುಮಾನ ಕ್ಲಚ್ಚಿನ ಮೇಲೆ, ಇಲ್ಲವೇ ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂತಿರುವ ರಬ್ಬರ್ ಮೌಂಟಿಂಗ್ ಮೇಲೆ. ಕ್ಲಚ್ ಪ್ಲೇಟಿಗೆ ಆಯಿಲ್ ತಾಗಿರಬಹುದು, ಪ್ಲೇಟು ಸುಟ್ಟು ಹೊಳಪಾಗಿರಬಹುದು, ಫ್ಲೈವೀಲ್ ಮೇಲೆ ಶಾಖದ ಕಲೆ ಬಿದ್ದಿರಬಹುದು.

2. ಓಡುತ್ತಿರುವಾಗ, ಲೋಡ್ ಅಥವಾ ಏರು ಇದ್ದಾಗ, ಎಲ್ಲ ಗೇರಿನಲ್ಲೂ. ಇದು ಹೆಚ್ಚಾಗಿ ಗೇರ್‌ಬಾಕ್ಸಿನದ್ದಲ್ಲ, ಇಂಜಿನ್ನಿಗೆ ಊಟ ಸಾಲದೆ ಬರುವ ಜರ್ಕ್. ಡೀಸೆಲ್ ಫಿಲ್ಟರ್ ಕಟ್ಟಿರೋದು, ಡೀಸೆಲ್ಲಿನಲ್ಲಿ ನೀರು, ಲೈನಿನಲ್ಲಿ ಗಾಳಿ, ಏರ್ ಫಿಲ್ಟರಿನಲ್ಲಿ ಧೂಳು, ಟರ್ಬೋ ಪೈಪ್ ಬಿರುಕು, ಇವು ಮುಖ್ಯ ಕಾರಣ. ಪೆಟ್ರೋಲ್ ಗಾಡಿಯಾದರೆ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ಮೊದಲು ನೋಡಬೇಕು. ಖಾಲಿ ಗಾಡಿಗೆ ಇಂಧನ ಕಡಿಮೆ ಸಾಕು, ಅರ್ಧ ಕಟ್ಟಿದ ಫಿಲ್ಟರ್ ಅಷ್ಟನ್ನು ಕೊಡುತ್ತೆ. ಲೋಡ್ ಏರಿದಾಗ ಇಂಜಿನ್ ಹೆಚ್ಚು ಕೇಳುತ್ತೆ, ಫಿಲ್ಟರ್ ಕೊಡಲ್ಲ. ಒಂದು ಕ್ಷಣ ಶಕ್ತಿ ಬೀಳುತ್ತೆ, ಮತ್ತೆ ಬರುತ್ತೆ. ನನ್ನ ಗಾಡಿಯ ಕಥೆ ಇದೇ.

3. ಆಕ್ಸಿಲರೇಟರ್ ಒತ್ತಿದ ಕ್ಷಣ, ಬಿಟ್ಟ ಕ್ಷಣ "ಟಕ್" ಅಂತ ಒಂದೇ ಏಟು. ಸದ್ದು ಗಾಡಿಯ ಅಡಿಯಿಂದ ಬಂದರೆ ಎಲ್ಲೋ ಸಡಿಲ ಇದೆ ಅಂತ ಅರ್ಥ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅದರ ಸೆಂಟರ್ ಬೇರಿಂಗ್, ಡಿಫರೆನ್ಷಿಯಲ್, ಪಟ್ಟೆ ಸ್ಪ್ರಿಂಗಿನ ಯು-ಬೋಲ್ಟ್, ಮೌಂಟಿಂಗ್ ನೋಡಬೇಕು. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಆಕ್ಸಲ್ ಜಾಯಿಂಟಿನ ರಬ್ಬರ್ ಹರಿದು ಗ್ರೀಸ್ ಚಿಮ್ಮಿದೆಯೇ ನೋಡಿ.

4. ಇಂಜಿನ್ ಕೂಗುತ್ತೆ, ವೇಗ ಏರಲ್ಲ. ಆರ್‌ಪಿಎಂ ಮುಳ್ಳು ಮೇಲೆ ಹೋಗುತ್ತೆ, ಗಾಡಿ ಅಷ್ಟಕ್ಕಷ್ಟೇ. ಇದು ಕ್ಲಚ್ ಜಾರುವಿಕೆ. ಸುಟ್ಟ ವಾಸನೆಯೂ ಬರಬಹುದು. ಇದಕ್ಕೆ ಕ್ಲಚ್ ಕೆಲಸ ಮಾಡಿಸಲೇಬೇಕು.

5. ಒಂದೇ ಒಂದು ಗೇರಿನಲ್ಲಿ ಮಾತ್ರ. ಮೂರನೇ ಗೇರಿನಲ್ಲಿ ಮಾತ್ರ ಸದ್ದು, ಅಥವಾ ಗೇರು ತಾನಾಗಿ ನ್ಯೂಟ್ರಲಿಗೆ ಎಗರಿಬರುತ್ತೆ ಅಂದರೆ ಆಗ ಗೇರ್‌ಬಾಕ್ಸಿನ ಒಳಗಿನ ತೊಂದರೆ ಅಂತ ಬಲವಾಗಿ ಅನುಮಾನ ಪಡಬಹುದು.

ಈ ಐದರ ಜೊತೆ ಇನ್ನೊಂದಿದೆ, ಅದು ನಮ್ಮ ಕಾಲಿನ ತಪ್ಪು. ಲೋಡ್ ಗಾಡಿಯನ್ನು ನಾಲ್ಕನೇ ಗೇರಿನಲ್ಲಿ 25 ಕಿ.ಮೀ. ವೇಗಕ್ಕೆ ಇಳಿಸಿ, ಗೇರು ಬದಲಿಸದೆ ಆಕ್ಸಿಲರೇಟರ್ ಒತ್ತಿದರೆ ಯಾವ ಗಾಡಿಯೂ ಜರ್ಕ್ ಹೊಡೆಯುತ್ತೆ. ಒಂದು ಗೇರು ಇಳಿಸಿದಾಗ ಸರಿಹೋದರೆ ಗಾಡಿಗೆ ರೋಗ ಇಲ್ಲ. ಡೀಸೆಲ್ ಉಳಿಸೋಕೆ ಅಂತ ಹೀಗೆ ಓಡಿಸೋದರಿಂದ ಇಂಜಿನ್ನಿಗೂ ಕ್ಲಚ್ಚಿಗೂ ಪೆಟ್ಟು.

ಮೊದಲು ಜಾಗ್ರತೆ

ಪರೀಕ್ಷೆಗೆ ಮುಂಚೆ ನಾಲ್ಕು ಮಾತು. ಸಮತಟ್ಟು ಜಾಗ, ಖಾಲಿ ಗಾಡಿ. ಚಕ್ರದ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಅಥವಾ ಮರದ ದಿಮ್ಮಿ. ಬರೀ ಜಾಕ್ ನಂಬಿಕೊಂಡು ಗಾಡಿಯ ಅಡಿಗೆ ಹೋಗಲೇಬೇಡಿ, ಗಟ್ಟಿ ಸ್ಟ್ಯಾಂಡ್ ಇಲ್ಲದಿದ್ದರೆ ಆ ಕೆಲಸ ಗ್ಯಾರೇಜಿಗೆ ಬಿಡಿ. ಹೊಸ ಡೀಸೆಲ್ ಇಂಜಿನ್ನುಗಳಲ್ಲಿ ಪಂಪಿನಿಂದ ಇಂಜೆಕ್ಟರಿಗೆ ಹೋಗುವ ಲೋಹದ ಪೈಪಿನಲ್ಲಿ ಭಾರೀ ಒತ್ತಡ ಇರುತ್ತೆ. ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗಬಲ್ಲದು. ಆ ಪೈಪುಗಳ ನಟ್ಟಿಗೆ ಕೈ ಹಾಕಬೇಡಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು

ಫೋನ್ ಪರೀಕ್ಷೆ. ಪಕ್ಕದ ಸೀಟಿನಲ್ಲಿ ಒಬ್ಬರನ್ನು ಕೂರಿಸಿ ಮೀಟರ್ ಬೋರ್ಡಿನ ವಿಡಿಯೋ ಮಾಡಿಸಿ. ಓಡಿಸುವವರು ಫೋನ್ ಹಿಡಿಯಬಾರದು. ಜರ್ಕ್ ಬಂದ ಕ್ಷಣ ಆರ್‌ಪಿಎಂ ಮುಳ್ಳು ಏನು ಮಾಡಿತು, ವೇಗ ಎಷ್ಟಿತ್ತು, ಯಾವ ಲೈಟ್ ಹತ್ತಿತು ಅನ್ನೋದು ವಿಡಿಯೋದಲ್ಲಿ ಸಿಗುತ್ತೆ. ಮುಳ್ಳು ಮೇಲೇರಿ ವೇಗ ಏರದಿದ್ದರೆ ಕ್ಲಚ್ ಕಡೆ ನೋಡಿ. ಎಳೆತ ಬಿದ್ದು ಬಿದ್ದು ಬರ್ತಾ, ಇಂಜಿನ್ ಸದ್ದೂ ಜೊತೆಗೇ ಕುಗ್ಗಿದರೆ ಇಂಧನದ ಕಡೆ ನೋಡಿ. ಗ್ಯಾರೇಜಿಗೆ ಹೋದಾಗ ಬಾರದ ಜರ್ಕನ್ನು ತೋರಿಸೋಕೂ ಇದೇ ಸಾಕ್ಷಿ.

ಬಾಟಲಿ ಪರೀಕ್ಷೆ. ಅನೇಕ ಡೀಸೆಲ್ ಫಿಲ್ಟರುಗಳ ಅಡಿಯಲ್ಲಿ ನೀರು ತೆಗೆಯುವ ಸ್ಕ್ರೂ ಇರುತ್ತೆ. ಇಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಅದನ್ನು ಸ್ವಲ್ಪ ಸಡಿಲಿಸಿ ಒಂದು ಲೋಟದಷ್ಟು ಗಾಜಿನ ಬಾಟಲಿಗೆ ಹಿಡಿಯಿರಿ. ಡೀಸೆಲ್ ಹಗುರ, ನೀರು ಭಾರ. ಬಿಟ್ಟರೆ ನೀರು ತಳಕ್ಕೆ ಕೂರುತ್ತೆ. ಬರೀ ಡೀಸೆಲ್ ಬರುವ ತನಕ ತೆಗೆದು ಸ್ಕ್ರೂ ಬಿಗಿ ಮಾಡಿ, ಕೈಪಂಪ್ ಇದ್ದರೆ ಗಟ್ಟಿಯಾಗುವ ತನಕ ಒತ್ತಿ ಗಾಳಿ ತೆಗೆಯಿರಿ. ನೀರು ಹೆಚ್ಚು ಬಂದರೆ ಫಿಲ್ಟರ್ ಬದಲಿಸಿ, ಟ್ಯಾಂಕನ್ನೂ ನೋಡಿಸಿ. ನೀರು ಒಳಗೆ ಹೋದರೆ ಪಂಪ್, ಇಂಜೆಕ್ಟರ್ ಎರಡೂ ಹಾಳು. ಆ ಖರ್ಚಿನ ಮುಂದೆ ಕ್ಲಚ್ ಸೆಟ್ ಏನೂ ಅಲ್ಲ.

ಏರ್ ಫಿಲ್ಟರ್. ಕ್ಲಿಪ್ ತೆಗೆದು ಬಿಸಿಲಿಗೆ ಹಿಡಿದು ನೋಡಿ. ಬೆಳಕು ಕಾಣದಷ್ಟು ಧೂಳು ಕಟ್ಟಿದ್ದರೆ ಬದಲಿಸಿ. ಮಣ್ಣು ರಸ್ತೆಯಲ್ಲಿ ಓಡುವ ಗಾಡಿಗೆ ಪುಸ್ತಕದಲ್ಲಿ ಹೇಳಿದ ಅವಧಿಗಿಂತ ಬೇಗ ಬದಲಿಸಬೇಕಾಗುತ್ತೆ.

ಕ್ಲಚ್ ಪರೀಕ್ಷೆ. ಮ್ಯಾನುಯಲ್ ಗೇರಿನ ಗಾಡಿಗೆ ಮಾತ್ರ. ಮುಂದೆ ಯಾರೂ ಇಲ್ಲದ ಬಯಲಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಬಲಗಾಲು ಬ್ರೇಕಿನ ಮೇಲಿಟ್ಟು, ಮೂರನೇ ಗೇರು ಹಾಕಿ ಕ್ಲಚ್ ನಿಧಾನ ಬಿಡಿ. ಇಂಜಿನ್ ಕೂಡಲೇ ಆಫ್ ಆದರೆ ಕ್ಲಚ್ ಹಿಡಿಯುತ್ತಿದೆ. ಕ್ಲಚ್ ಪೂರ್ತಿ ಬಿಟ್ಟರೂ ಇಂಜಿನ್ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಒಮ್ಮೆ ಸಾಕು, ಮತ್ತೆ ಮತ್ತೆ ಮಾಡಿದರೆ ಪ್ಲೇಟು ಸುಡುತ್ತೆ. ನಾನು ಈ ಒಂದು ಪರೀಕ್ಷೆ ಮಾಡಿದ್ದರೆ 14 ಸಾವಿರ ಕೊಡುವ ಮುಂಚೆ ಎರಡು ಸಲ ಯೋಚಿಸುತ್ತಿದ್ದೆ.

ಮೌಂಟಿಂಗ್ ಪರೀಕ್ಷೆ. ಬಾನೆಟ್ ತೆಗೆದು, ಒಬ್ಬರು ಸೀಟಿನಲ್ಲಿ ಕೂತು ಬ್ರೇಕ್ ಗಟ್ಟಿ ಹಿಡಿದು, ಒಂದನೇ ಗೇರಿನಲ್ಲಿ ಕ್ಲಚ್ ಹಿಡಿಯುವಷ್ಟು ಮಾತ್ರ ಬಿಟ್ಟು ಮತ್ತೆ ಒತ್ತಲಿ. ಇನ್ನೊಬ್ಬರು ಗಾಡಿಯ ಪಕ್ಕದಲ್ಲಿ ನಿಂತು ವಿಡಿಯೋ ಮಾಡಲಿ, ಮುಂದೆ ನಿಲ್ಲಬೇಡಿ. ಇಂಜಿನ್ ಸ್ವಲ್ಪ ಅಲುಗೋದು ಸಹಜ. ಒಂದು ಕಡೆ ಎದ್ದು ಧಡ್ ಅಂತ ಬಿದ್ದರೆ ಆ ಕಡೆಯ ರಬ್ಬರ್ ಹರಿದಿದೆ.

ಕ್ರಾಸ್ ಪರೀಕ್ಷೆ. ಇಂಜಿನ್ ಆಫ್, ಚಕ್ರಕ್ಕೆ ಕಲ್ಲು, ಹ್ಯಾಂಡ್ ಬ್ರೇಕ್, ನ್ಯೂಟ್ರಲ್. ಪಿಕಪ್ಪಿನ ಅಡಿ ಎತ್ತರವಿದ್ದರೆ ಜಾಕ್ ಹಾಕದೆಯೇ ಪ್ರೊಪೆಲ್ಲರ್ ಶಾಫ್ಟಿಗೆ ಕೈ ಸಿಗುತ್ತೆ. ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, ಮೇಲೆ ಕೆಳಗೆ ಅಲುಗಿಸಿ. ಕ್ರಾಸಿನ ಜಾಗದಲ್ಲೇ ಆಟ ಕಂಡರೆ, ಅಥವಾ ಕಪ್ಪಿನ ಸುತ್ತ ಕೆಂಪು ತುಕ್ಕಿನ ಪುಡಿ ಇದ್ದರೆ, ಗ್ರೀಸ್ ಒಣಗಿ ಕ್ರಾಸ್ ಸವೆದಿದೆ. ಗ್ರೀಸ್ ನಿಪ್ಪಲ್ ಇದ್ದರೆ ಪ್ರತಿ ಸರ್ವಿಸಿನಲ್ಲೂ ಗ್ರೀಸ್ ಹೊಡೆಸಿ. ಸವೆದ ಕ್ರಾಸ್ ಇಟ್ಟುಕೊಂಡು ಲೋಡ್ ಹೊಡೆಯಬೇಡಿ, ಶಾಫ್ಟ್ ಕಳಚಿ ಬಿದ್ದರೆ ಅಪಘಾತವೇ.

ಗೇರ್ ಆಯಿಲ್. ಇಂಜಿನ್ ಆಯಿಲ್ ಬದಲಿಸುವವರು ಗೇರ್ ಆಯಿಲನ್ನು ವರ್ಷಗಟ್ಟಲೆ ಮರೆತಿರುತ್ತೀವಿ. ಗೇರ್‌ಬಾಕ್ಸಿನ ಪಕ್ಕದಲ್ಲಿ ಆಯಿಲ್ ತುಂಬುವ ಬೋಲ್ಟ್ ಇರುತ್ತೆ. ಹೆಚ್ಚಿನ ಗಾಡಿಗಳಲ್ಲಿ, ಗಾಡಿ ಸಮತಟ್ಟಾಗಿ ನಿಂತಾಗ ಆ ತೂತಿನ ಕೆಳ ಅಂಚಿನವರೆಗೆ ಆಯಿಲ್ ಇರಬೇಕು. ಆಯಿಲ್ ಬದಲಿಸುವಾಗ ತುಂಬುವ ಬೋಲ್ಟನ್ನು ಮೊದಲು ತೆಗೆಯಿರಿ, ಅದು ಬಿಚ್ಚಿದ ಮೇಲೆಯೇ ಅಡಿಯ ಬೋಲ್ಟ್ ತೆಗೆಯಿರಿ. ಮೇಲಿನದು ತುಕ್ಕು ಹಿಡಿದು ಬಿಚ್ಚದೇ ಹೋದರೆ ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ಕೂರಬೇಕಾಗುತ್ತೆ.

ಹೊರಬಂದ ಆಯಿಲನ್ನು ಬಿಳಿ ತಟ್ಟೆಯಲ್ಲಿ ನೋಡಿ. ಅಯಸ್ಕಾಂತದ ಬೋಲ್ಟಿಗೆ ಬೂದು ಬಣ್ಣದ ನುಣುಪು ಕೆಸರು ಅಂಟಿದ್ದರೆ ಅದು ಸಹಜ ಸವೆತ. ಕಬ್ಬಿಣದ ಚೂರು ಸಿಕ್ಕರೆ ಹಲ್ಲು ಮುರಿದಿದೆ ಅಥವಾ ಬೇರಿಂಗ್ ಹೋಗಿದೆ. ಹಿತ್ತಾಳೆಯ ಹಾಗೆ ಹಳದಿ ಮಿನುಗು ಹೆಚ್ಚಿದ್ದರೆ ಸಿಂಕ್ರೊನೈಸರ್ ರಿಂಗ್ ಸವೆಯುತ್ತಿದೆ. ಹಾಲು ಬೆರೆಸಿದ ಹಾಗಿದ್ದರೆ ಹೊಳೆ, ತೋಡು ದಾಟುವಾಗ ನೀರು ಹೊಕ್ಕಿದೆ. ಹೊಸ ಆಯಿಲ್ ಹಾಕುವಾಗ ಗಾಡಿಯ ಪುಸ್ತಕದಲ್ಲಿ ಬರೆದ ದರ್ಜೆಯನ್ನೇ ಹಾಕಿ. ಪುಸ್ತಕದಲ್ಲಿ ಜಿಎಲ್-4 ಅಂತಿದ್ದರೆ "ಜಿಎಲ್-5 ಇನ್ನೂ ಒಳ್ಳೇದು" ಅಂತ ಅಂಗಡಿಯವರು ಕೊಟ್ಟದ್ದನ್ನು ತರಬೇಡಿ. ಕೆಲವು ಜಿಎಲ್-5 ಆಯಿಲಿನ ರಾಸಾಯನಿಕಗಳು ಹಿತ್ತಾಳೆಯ ರಿಂಗಿಗೆ ಒಗ್ಗೋದಿಲ್ಲ.

ಸ್ಕ್ಯಾನರ್ ಬಗ್ಗೆ ಎರಡು ಮಾತು

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ, ಅದಕ್ಕೂ ಮುಂಚಿನ ಹಲವು ಗಾಡಿಗಳಲ್ಲೂ, ಸ್ಟೇರಿಂಗ್ ಕೆಳಗೆ 16 ಪಿನ್ನಿನ ಒಬಿಡಿ ಸಾಕೆಟ್ ಇರುತ್ತೆ. ಬ್ಲೂಟೂತಿನ ಚಿಕ್ಕ ಅಡಾಪ್ಟರ್ ಸಿಕ್ಕಿಸಿ ಫೋನಿನ ಆ್ಯಪಿನಲ್ಲಿ ದೋಷದ ಕೋಡ್ ಓದಬಹುದು. ನಾಲ್ಕೈದು ಗೆಳೆಯರು ಸೇರಿ ಒಂದು ತೆಗೆದುಕೊಂಡರೂ ಆಯ್ತು.

ಆದರೆ ಕೋಡ್ ಅಂದರೆ ತೀರ್ಪಲ್ಲ, ದಿಕ್ಕು. ಉದಾಹರಣೆಗೆ ಪಿ0087 ಅಂದರೆ ಇಂಧನದ ಒತ್ತಡ ಕಡಿಮೆ ಇದೆ ಅಂತ. ಅದಕ್ಕೆ 'ಪಂಪ್ ಹೋಗಿದೆ' ಅಂತಲೇ ಅರ್ಥವಲ್ಲ. ಕಟ್ಟಿದ ಫಿಲ್ಟರೂ ಅದೇ ಕೋಡ್ ತರಬಹುದು. ಪಿ0300 ಅಂದರೆ ಒಂದಕ್ಕಿಂತ ಹೆಚ್ಚು ಸಿಲಿಂಡರಿನಲ್ಲಿ ಉರಿ ತಪ್ಪುತ್ತಿದೆ ಅಂತ. ಪಿ0700 ಬಂದರೆ ಗೇರ್ ನಿಯಂತ್ರಿಸುವ ಕಂಪ್ಯೂಟರ್ ತನ್ನಲ್ಲಿ ದೋಷ ದಾಖಲಾಗಿದೆ ಅಂತ ಹೇಳುತ್ತಿದೆ. ಅದರ ಒಳಗಿನ ಕೋಡ್ ಬೇರೆ ಓದಿಸಬೇಕು. ಕೋಡ್ ಅಳಿಸುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಅಳಿಸಿದರೆ ರೋಗ ಹೋಗಲ್ಲ, ಸಾಕ್ಷಿ ಹೋಗುತ್ತೆ.

ಕ್ಲಚ್ ಪೆಡಲ್ ಇಲ್ಲದ ಗಾಡಿಗಳಲ್ಲೂ ಎರಡು ಜಾತಿ. ಎಎಂಟಿ ಕಾರಿನಲ್ಲಿ ಇರೋದು ಮಾಮೂಲಿ ಕ್ಲಚ್, ಮಾಮೂಲಿ ಗೇರ್‌ಬಾಕ್ಸೇ. ಒತ್ತೋ ಕೆಲಸ ಯಂತ್ರ ಮಾಡುತ್ತೆ. ಒಂದರಿಂದ ಎರಡಕ್ಕೆ ಹೋಗುವಾಗ ಚಿಕ್ಕದಾಗಿ ತಲೆ ತೂಗಿದ ಹಾಗಾಗೋದು ಅದರ ಗುಣ. ಅದು ಏಕಾಏಕಿ ಹೆಚ್ಚಾದರೆ ಕ್ಲಚ್ ಸವೆತ ನೋಡಿಸಿ, ಸ್ಕ್ಯಾನರಿನಲ್ಲಿ ಹೊಂದಾಣಿಕೆ ಮಾಡಿಸಿ. ಪೂರ್ತಿ ಆಟೋಮ್ಯಾಟಿಕ್ ಮತ್ತು ಸಿವಿಟಿಯಲ್ಲಿ ಮೊದಲು ನೋಡಬೇಕಾದದ್ದು ಒಳಗಿನ ಆಯಿಲಿನ ಮಟ್ಟ ಮತ್ತು ಬಣ್ಣ. ಅದಕ್ಕೆ ಬೇಕಾದ ಆಯಿಲೇ ಬೇರೆ, ಮಾಮೂಲಿ ಗೇರ್ ಆಯಿಲ್ ಹಾಕಿದರೆ ಮುಗೀತು. ಕೆಟ್ಟು ನಿಂತರೆ ಪುಸ್ತಕ ನೋಡದೆ ಹಗ್ಗ ಕಟ್ಟಿ ಎಳೆಸಬೇಡಿ.

ನಿಜವಾಗಿ ಕ್ಲಚ್ಚೇ ಹೋಗಿದ್ದಾಗ

ಎಲ್ಲ ಜರ್ಕೂ ಫಿಲ್ಟರಿನದ್ದೇ ಅಂತ ನಾನು ಹೇಳಿದರೆ ಅದೂ ನನ್ನ ಹಳೇ ತಪ್ಪಿನಂಥದ್ದೇ. ನಮ್ಮ ಭಾವನ ಕಾರು ಹೊರಡುವಾಗ ಮಾತ್ರ ಗಡಗಡ ಅನ್ನುತ್ತಿತ್ತು, ಓಡುವಾಗ ಬೆಣ್ಣೆ. ನನ್ನ ಅನುಭವದ ಮೇಲೆ ಅವರು ಡೀಸೆಲ್ ಫಿಲ್ಟರ್ ಬದಲಿಸಿದರು, ಏನೂ ಆಗಲಿಲ್ಲ. ಮೇಲಿನ ಪಟ್ಟಿಯಲ್ಲಿ ಇದು ಮೊದಲನೇ ಬಗೆ. ಗೇರ್‌ಬಾಕ್ಸ್ ಇಳಿಸಿದಾಗ ಇಂಜಿನ್ನಿನ ಹಿಂದಿನ ಆಯಿಲ್ ಸೀಲ್ ಸೋರಿ ಕ್ಲಚ್ ಪ್ಲೇಟು ನೆನೆದಿತ್ತು. ಅಲ್ಲಿ ಪ್ಲೇಟು ಮಾತ್ರ ಬದಲಿಸಿದ್ದರೆ ಹೊಸದೂ ತಿಂಗಳೊಳಗೆ ನೆನೆಯುತ್ತಿತ್ತು. ಸೀಲ್ ಬದಲಿಸಿದ ಮೇಲೆಯೇ ಪ್ಲೇಟು ಹಾಕಿಸಿದರು.

ಹಾಗಾಗಿ ಗೇರ್‌ಬಾಕ್ಸ್ ಇಳಿಸಲೇಬೇಕಾಗಿ ಬಂದರೆ, ಮತ್ತೆ ಇಳಿಸುವ ಕೂಲಿ ಉಳಿಸೋಕೆ, ಒಂದೇ ಸಲಕ್ಕೆ ನೋಡಿಸಬೇಕಾದದ್ದು: ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗ್, ಫ್ಲೈವೀಲ್ ಮೇಲ್ಮೈ, ಇಂಜಿನ್ ಮತ್ತು ಗೇರ್‌ಬಾಕ್ಸ್ ಎರಡರ ಆಯಿಲ್ ಸೀಲ್. ಬಿಚ್ಚಿದ ಭಾಗದ ಫೋಟೋ ಕೇಳಿ, ಹಳೇ ಸಾಮಾನು ವಾಪಸ್ ಕೇಳಿ. ಒಳ್ಳೆ ಮೆಕ್ಯಾನಿಕ್ ಬೇಸರ ಮಾಡಿಕೊಳ್ಳೋದಿಲ್ಲ.

ಗ್ಯಾರೇಜಿಗೆ ಕಳಿಸಬೇಕಾದ ಮೆಸೇಜ್

ಇದನ್ನು ಕಾಪಿ ಮಾಡಿ ಫೋನಿನಲ್ಲಿ ಇಟ್ಟುಕೊಳ್ಳಿ. "ಕ್ಲಚ್ ಹಾಕಿ" ಅನ್ನುವ ಬದಲು ಇದನ್ನು ತುಂಬಿ ಕಳಿಸಿ:

- ಜರ್ಕ್ ಬರೋದು: ಹೊರಡುವಾಗ / ಓಡುವಾಗ / ಒತ್ತಿ ಬಿಟ್ಟಾಗ
- ಗೇರು: ಒಂದರಲ್ಲಿ ಮಾತ್ರ / ಎಲ್ಲದರಲ್ಲಿ
- ಲೋಡ್: ಖಾಲಿ ಇದ್ದಾಗಲೂ / ಲೋಡ್ ಇದ್ದಾಗ ಮಾತ್ರ
- ಇಂಜಿನ್: ತಣ್ಣಗಿದ್ದಾಗ / ಬಿಸಿಯಾದ ಮೇಲೆ / ಯಾವಾಗಲೂ
- ಆರ್‌ಪಿಎಂ ಮುಳ್ಳು: ಏರುತ್ತೆ / ಬೀಳುತ್ತೆ / ಬದಲಾಗಲ್ಲ
- ಸದ್ದು, ವಾಸನೆ, ಹೊಗೆಯ ಬಣ್ಣ, ಮೀಟರಿನಲ್ಲಿ ಹತ್ತಿದ ಲೈಟ್
- ಕೊನೆಯ ಸಲ ಡೀಸೆಲ್ ಹಾಕಿದ್ದು ಎಲ್ಲಿ. ಫಿಲ್ಟರ್, ಗೇರ್ ಆಯಿಲ್ ಬದಲಿಸಿದ್ದು ಯಾವಾಗ
- ಜರ್ಕ್ ಶುರುವಾಗುವ ಮುಂಚೆ ಏನು ಕೆಲಸ ಮಾಡಿಸಿದ್ದು, ನೀರಿನಲ್ಲಿ ದಾಟಿಸಿದ್ದು ಇದೆಯೇ

ಘಾಟಿಯಲ್ಲೇ ಜರ್ಕ್ ಬಂದರೆ

ಎಳೆದುಕೊಂಡು ಹೋಗುತ್ತೆ ಬಿಡು ಅಂತ ಹಟ ಮಾಡಬೇಡಿ. ನಾಲ್ಕೂ ಇಂಡಿಕೇಟರ್ ಹಾಕಿ, ತಿರುವು ದಾಟಿ ಅಗಲ ಇರುವ ಕಡೆ ಎಡಕ್ಕೆ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆದು, ಇಂಜಿನ್ ಆಫ್ ಮಾಡಿ ಒಂದನೇ ಗೇರು ಹಾಕಿ, ಚಕ್ರದ ಹಿಂದೆ ಕಲ್ಲು ಕೊಡಿ. ಕಲ್ಲು ಹುಡುಕುವ ಹೊತ್ತು ಅಲ್ಲಿ ಸಿಗೋದಿಲ್ಲ, ಅದಕ್ಕೆ ಒಂದು ಮರದ ದಿಮ್ಮಿ ಸೀಟಿನ ಹಿಂದೆಯೇ ಇರಲಿ. ಕೆಂಪು ತ್ರಿಕೋನವನ್ನು ಹಿಂದಿನವರಿಗೆ ತಿರುವಿನ ಮುಂಚೆಯೇ ಕಾಣುವಷ್ಟು ದೂರದಲ್ಲಿ ಇಡಿ. ಕಲ್ಲು ಕೊಟ್ಟಿದ್ದರೆ, ಹೊರಡುವಾಗ ಅದನ್ನು ತೆಗೆದು ಪಕ್ಕಕ್ಕೆ ಹಾಕೋದು ಮರೆಯಬೇಡಿ. ಹಿಂದಿನಿಂದ ಬರುವ ಬೈಕಿನವನ ಜೀವ ಅದು.

ಡ್ರಮ್ಮಿನ ಡೀಸೆಲ್

ಕೊನೆಯದಾಗಿ, ನನ್ನ ತೊಂದರೆಯ ಬೇರು ಇದ್ದದ್ದು ಇಲ್ಲಿ. ಅರ್ಧ ಖಾಲಿ ಡ್ರಮ್ಮಿನಲ್ಲಿ ಹಗಲಿನ ಶಾಖ, ರಾತ್ರಿಯ ತಂಪಿಗೆ ಒಳಗಿನ ಗಾಳಿಯ ತೇವ ಹನಿಯಾಗಿ ತಳ ಸೇರುತ್ತೆ. ಮುಚ್ಚಳ ಸಡಿಲ ಇದ್ದರೆ ಮಳೆ ನೀರೂ ಸೇರುತ್ತೆ. ನೀರು ಮತ್ತು ಡೀಸೆಲ್ ಸೇರುವ ಜಾಗದಲ್ಲಿ ಸೂಕ್ಷ್ಮಜೀವಿ ಬೆಳೆದು ಆ ಕಪ್ಪು ಜಿಡ್ಡು ಆಗುತ್ತೆ. ಟ್ರ್ಯಾಕ್ಟರಿಗೆ ಡೀಸೆಲ್ ಇಡಲೇಬೇಕು ಅಂದರೆ ಬೆಂಕಿಯಿಂದ ದೂರ, ನೆರಳಿನಲ್ಲಿ, ಮುಚ್ಚಳ ಬಿಗಿಯಾಗಿ, ಬೇಕಾದಷ್ಟೇ ಇಡಿ. ತೆಗೆಯುವಾಗ ಡ್ರಮ್ ಅಲುಗಿಸಬೇಡಿ, ತಳದ ನಾಲ್ಕು ಬೆರಳನ್ನು ಬಿಟ್ಟು ಮೇಲಿನಿಂದ ತೆಗೆಯಿರಿ. ಪಿಕಪ್ಪಿಗೆ ನಾನಂತೂ ಈಗ ಬಂಕಿನಲ್ಲೇ ಹಾಕಿಸ್ತೀನಿ.

ಈ ವಾರದ ಕೆಲಸ ಒಂದೇ. ನಿಮ್ಮ ಗಾಡಿಯ ಡೀಸೆಲ್ ಫಿಲ್ಟರಿನಿಂದ ಒಂದು ಲೋಟದಷ್ಟು ಗಾಜಿನ ಬಾಟಲಿಗೆ ತೆಗೆದು ಐದು ನಿಮಿಷ ಬಿಟ್ಟು ನೋಡಿ. ಟ್ರ್ಯಾಕ್ಟರಿನದ್ದೂ ನೋಡಿ. ತಳದಲ್ಲಿ ನೀರು ಕಂಡರೆ, ಜರ್ಕ್ ಇನ್ನೂ ಶುರುವಾಗಿಲ್ಲದಿದ್ದರೂ ಫಿಲ್ಟರ್ ಬದಲಿಸಿ. ಮನೆ ಅಂಗಳದಲ್ಲಿ ಗೊತ್ತಾದರೆ ಅದು ಅರ್ಧ ಗಂಟೆಯ ಕೆಲಸ. ಘಾಟಿಯ ತಿರುವಿನಲ್ಲಿ ಗೊತ್ತಾಗೋದು ಬೇಡ.